ಬದುವಿನ ಮೇಲಿನ ತೆಂಗು

ತಿಪಟೂರು ದಾಟಿದ ಬಸ್ಸಿನಲ್ಲಿ ಶಿವಮೂರ್ತಿ ಕಂಬಿ ಹಿಡಿದು ಸಲೋಮಮ್ಮನ ಸೀಟಿನ ಕಡೆ ಬಗ್ಗಿದ. ಹಿಂದೆ ಕೂತಿದ್ದ ಕಾಲೇಜು ಹುಡುಗಿ ವರ್ಷಿಣಿ ಅವರ ಮಾತು ಕೇಳಲು ಹಾಡು ನಿಲ್ಲಿಸಿದಳು, ಇಯರ್‌ಫೋನ್ ಮಾತ್ರ ಕಿವಿಯಿಂದ ತೆಗೆಯಲಿಲ್ಲ.

“ಇವತ್ತು ಪಂಚಾಯ್ತಿಲಿ ಒಂದೇ ಮಾತು ಹೇಳಕ್ಕ. ನಂಗೂ ಈರಣ್ಣಂಗೂ ಜಗಳ ಹಚ್ಚಿರೋ ಆ ಬದುವಿನ ಮೇಲಿನ ತೆಂಗಿನಮರ ನೆಟ್ಟಿದ್ದು ನಮ್ಮಪ್ಪ ಅಂತ.”

“ನೆಟ್ಟಿದ್ದು ಈರಣ್ಣನ ಅವ್ವ. ನೀರು ಹೊತ್ತಿದ್ದು ನಾನು ಕಣಪ್ಪ.”

“ಅದು ನಿಂಗೊಬ್ಬಳಿಗೇ ಗೊತ್ತು!”

“ಸುಳ್ಳುಸಾಕ್ಷಿ ಹೇಳಬ್ಯಾಡ ಅಂತ ಬೈಬಲ್‌ನಾಗೆ ಐತೆ.”

“ನೆರೆಯವರನ್ನ ಪ್ರೀತಿಸು ಅಂತಾನೂ ಐತಲ್ಲ? ನಿನ್ನ ಪಕ್ಕದ ತೋಟ ನಂದೇ ಕಣಕ್ಕ!”

“ಈರಣ್ಣ ಏನು ದೂರದ ಅಮ್ಮಸಂದ್ರದಲ್ಲವ್ನಾ? ಅವನ ತೋಟಾನೂ ನನ್ನ ತೋಟಕ್ಕೆ ಅಂಟಿಕೊಂಡೇ ಐತೆ.”

ವರ್ಷಿಣಿ ನಗು ತಡೆಯಲು ಕಿಟಕಿಯ ಕಡೆ ತಿರುಗಿದಳು.

“ಬೇರೆ ಯಾರು ಹೇಳಿದ್ರೂ ಊರು ನಂಬಲ್ಲ. ನೀನು ಹೇಳಿದ್ರೆ ಎಲ್ರೂ ಒಪ್ತಾರೆ.”

“ಯಾಕೆ ಒಪ್ತಾರೆ, ಹೇಳು?”

“ನೀನು ಸುಳ್ಳು ಹೇಳಲ್ಲ ಅಂತ,” ಎಂದವನು ತಾನೇ ನಕ್ಕುಬಿಟ್ಟ.

ಬಸ್ಸು ಅವರ ಊರಿನ ಗೇಟಿನಲ್ಲಿ ನಿಂತಿತು. ಶಿವಮೂರ್ತಿ ಸಲೋಮಮ್ಮನ ಚೀಲವನ್ನೂ ಎತ್ತಿಕೊಂಡು ಬಾಗಿಲ ಕಡೆ ನಡೆದ.

“ಹೋಗ್ಲಿ, ಸುಳ್ಳೂ ಬ್ಯಾಡ, ನಿಜಾನೂ ಬ್ಯಾಡ. ಬಾಯಿ ಮುಚ್ಕೊಂಡು ಸುಮ್ನೆ ಕೂತಿರು. ಆ ಮರದ ಎಳನೀರೆಲ್ಲ ನಿಂದೇ.”

“ಬ್ಯಾಡ ಬುಡು,” ಎಂದಳು ಸಲೋಮಮ್ಮ ಮೆಟ್ಟಿಲಿಳಿಯುತ್ತ. “ಕೂರಲ್ಲ. ಎದ್ದು ನಿಂತೇ ಹೇಳ್ತೀನಿ.”