ಅಂಕದಲ್ಲಿ ಬದಲಾವಣೆ ಇಲ್ಲ

ರೆಸ್ಲಿಂಗ್ ಅಭಿಮಾನಿಗಳ ಸಂಘದ ಮಾನ್ಯ ಅಧ್ಯಕ್ಷರೇ, ಸಾವಿರ ವಿಮರ್ಶೆ ಬರೆದೂ ಬೆರಳು ಸವೆಯದ ಇಂದಿನ ಸನ್ಮಾನಿತರೇ, ವೇದಿಕೆಯ ಮೇಲೆ ನನ್ನ ಎಡಕ್ಕೂ ಬಲಕ್ಕೂ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಗಣ್ಯರೇ, ಮತ್ತು ಎಲ್ಲವನ್ನೂ ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲ ಸಭಿಕರೇ,

ನನ್ನನ್ನು ಪರಿಚಯಿಸಿದ ಕಾರ್ಯದರ್ಶಿಗಳು, ‘ಇಪ್ಪತ್ನಾಲ್ಕು ವರ್ಷ ರಿಂಗಿನಲ್ಲಿ ರೆಫ್ರಿಯಾಗಿ ಸೇವೆ ಸಲ್ಲಿಸಿದವರು’ ಎಂದರು. ಸೇವೆ ಎನ್ನುವುದು ದೊಡ್ಡ ಮಾತು. ಯಾರು ಗೆಲ್ಲಬೇಕೆಂದು ಬೆಳಿಗ್ಗೆಯೇ ಆಫೀಸಿನಲ್ಲಿ ತೀರ್ಮಾನವಾದ ಆಟದಲ್ಲಿ, ಸಂಜೆ ಪಟ್ಟೆ ಅಂಗಿ ಹಾಕಿಕೊಂಡು, ಯಾರು ಗೆಲ್ಲುತ್ತಾರೋ ಏನೋ ಎಂಬ ಮುಖ ಮಾಡಿ, ನೆಲ ಬಡಿದು ಒಂದು, ಎರಡು, ಮೂರು ಎಣಿಸುವುದು ನನ್ನ ಕೆಲಸವಾಗಿತ್ತು. ಖಳನಾಯಕ ಕುರ್ಚಿ ಎತ್ತಿದಾಗ ಸರಿಯಾಗಿ ಆಗಲೇ ಬೇರೆ ಕಡೆ ನೋಡುವುದೂ ನನ್ನ ಕೆಲಸವೇ. ಈ ಎರಡನೆಯದರಲ್ಲಿ ನನಗೆ ಒಳ್ಳೆಯ ಹೆಸರಿತ್ತು.

ಇಂದಿನ ಸಭೆಗೆ ಮೊದಲು ಚಾಂಪಿಯನ್ನರನ್ನು ಕರೆದಿದ್ದಿರಂತೆ. ಅವರಿಗೆ ಬಿಡುವಿಲ್ಲ. ಅವರ ಕೈಲಿ ಸೋತವರನ್ನು ಕರೆದಿರಿ, ಅವರಿಗೆ ಮೊಣಕಾಲು ನೋವು. ಹೀಗೆ ಇಳಿಯುತ್ತ ಇಳಿಯುತ್ತ ಪಟ್ಟಿ ನನ್ನವರೆಗೆ ಬಂದಿದೆ. ಬೇಸರವೇನೂ ಇಲ್ಲ. ಇನ್ನೊಂದು ಹೆಜ್ಜೆ ಇಳಿದಿದ್ದರೆ ರಿಂಗಿನ ಹಗ್ಗ ಬಿಗಿಯುವವರು ಬಂದು ಭಾಷಣ ಮಾಡಬೇಕಾಗುತ್ತಿತ್ತು, ಬಹುಶಃ ನನಗಿಂತ ಚೆನ್ನಾಗಿಯೇ ಮಾಡುತ್ತಿದ್ದರು.

ಅಭಿಮಾನಿಗಳ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಿಮ್ಮಂಥ ಪ್ರೇಕ್ಷಕರು ಬೇರೆ ಯಾವ ಕಲೆಗೆ ಸಿಕ್ಕಾರು? ಇದೆಲ್ಲ ಮೊದಲೇ ಹೇಳಿಕೊಟ್ಟ ಆಟ ಎಂದು ತಿಳಿಯದವರು ಈ ಸಭಾಂಗಣದಲ್ಲಿ ಒಬ್ಬರೂ ಇಲ್ಲ. ಆದರೂ ಗೆಲ್ಲಬಾರದವನು ಗೆದ್ದನೆಂದು ಮೂರು ದಿನ ಸರಿಯಾಗಿ ಊಟ ಮಾಡದವರು ಇಲ್ಲಿ ಮುಂದಿನ ಸಾಲಿನಲ್ಲೇ ಇದ್ದಾರೆ. ಸತ್ತು ಸಮಾಧಿಯಾದ ಪಾತ್ರ ಆರು ತಿಂಗಳಿಗೆ ಎದ್ದು ಬಂದರೆ ನಿಮಗೆ ಅಭ್ಯಂತರವಿಲ್ಲ. ಎದ್ದು ಬಂದವನ ಬೂಟಿನ ಬಣ್ಣ ಬೇರೆಯಾಗಿದ್ದರೆ ಮಾತ್ರ ಕಥೆಯಲ್ಲಿ ತರ್ಕವೇ ಇಲ್ಲ ಎನ್ನುತ್ತೀರಿ. ರಿಂಗಿನ ನಡುವೆ ಮದುವೆ ಏರ್ಪಡಿಸಿದರೆ ಅದು ಮುರಿಯುತ್ತದೆಂದು ತಿಳಿದೇ ಬರುತ್ತೀರಿ, ಮುರಿದ ಮೇಲೆ ಇಷ್ಟು ಬೇಗ ಮುರಿಯಬಾರದಿತ್ತು ಎಂದು ಬರೆಯುತ್ತೀರಿ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಎತ್ತಲು ಪಕ್ಕದ ಮನೆಯವರನ್ನು ಕರೆಯುವ ಮಹನೀಯರು, ನೂರ ಹತ್ತು ಕಿಲೋ ಮನುಷ್ಯನನ್ನು ಹೆಗಲ ಮೇಲಿಂದ ಎಸೆದವನ ಬಗ್ಗೆ ‘ಇವನ ಮೈಯಲ್ಲಿ ಜೀವವೇ ಇಲ್ಲ’ ಎಂದು ಷರಾ ಬರೆಯುತ್ತಾರೆ. ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವ ಪಂಗಡವೊಂದು ಬಲಗಡೆ ಕುಳಿತಿದೆ. ಆ ಹಳೆಯ ಕಾಲದಲ್ಲೂ ನಾನಿದ್ದೆ ಸ್ವಾಮಿ. ಆಗಲೂ ನೀವು ಹೀಗೇ ಹೇಳುತ್ತಿದ್ದಿರಿ.

ಇಂಥ ಅಭಿಮಾನಿಗಳಿಗೆ ಇಂಥ ವಿಮರ್ಶಕರು. ನಮ್ಮ ಸನ್ಮಾನಿತರು ಬರೆಯುವುದು ‘ಮೂರನೇ ಸಾಲು’ ಎಂಬ ಹೆಸರಿನಲ್ಲಿ, ಏಕೆಂದರೆ ಯಾವ ಊರಿನ ಷೋ ಆದರೂ ಅವರು ಕೂರುವುದು ಮೂರನೇ ಸಾಲಿನಲ್ಲಿ. ಹೊಟ್ಟೆಪಾಡಿಗೆ ಅವರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಹಗಲು ಅಂಗಡಿಗಳ ತಕ್ಕಡಿ ಪರೀಕ್ಷೆ, ಸಂಜೆ ನಮ್ಮ ಪರೀಕ್ಷೆ. ಐದು ನಕ್ಷತ್ರಕ್ಕೆ ಅಂಕ ಹಾಕುವ ಪದ್ಧತಿ ಎಲ್ಲ ಕಡೆ ಇದೆ, ಆದರೆ ಕಾಲು ನಕ್ಷತ್ರ ಎಂಬುದನ್ನು ನಮಗೆ ತೋರಿಸಿಕೊಟ್ಟವರು ಇವರೇ. ಮೂರೂಕಾಲು ನಕ್ಷತ್ರದ ಪಂದ್ಯಕ್ಕೂ ಮೂರೂವರೆಯ ಪಂದ್ಯಕ್ಕೂ ಏನು ವ್ಯತ್ಯಾಸವೆಂದು ನಾನೊಮ್ಮೆ ಕೇಳಿದ್ದೆ. ‘ಕಾಲು ನಕ್ಷತ್ರ’ ಎಂದರು. ಇದಕ್ಕಿಂತ ಸ್ಪಷ್ಟವಾದ ಉತ್ತರ ಯಾರು ಕೊಟ್ಟಾರು?

ನಗಬೇಡಿ. ಆ ಕಾಲು ನಕ್ಷತ್ರಕ್ಕಾಗಿ ನಮ್ಮಲ್ಲಿ ಹಲ್ಲು ಮುರಿದುಕೊಂಡವರಿದ್ದಾರೆ. ಸೋಮವಾರ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ, ಬೆಂಚಿನ ಮೇಲೆ ಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತ, ಇಷ್ಟೆತ್ತರದ ಗಂಡಸರು ಪತ್ರಿಕೆಯನ್ನು ಕೈಯಿಂದ ಕೈಗೆ ಕಿತ್ತುಕೊಂಡು ಓದುವುದನ್ನು ನೀವು ನೋಡಬೇಕಿತ್ತು. ‘ಇವನೇನು ಮಹಾ, ಒಂದ್ಸಲ ರಿಂಗಿಗೆ ಬರ್ಲಿ’ ಎಂದು ಬಾಯಿಗೆ ಬಂದಂತೆ ಬೈಯುವರು, ಆಮೇಲೆ ಯಾರೂ ಇಲ್ಲದಾಗ ಮತ್ತೊಮ್ಮೆ ಓದುವರು.

ಇವತ್ತು ಬಿಡುಗಡೆಯಾದ ಈ ದಪ್ಪ ಪುಸ್ತಕದಲ್ಲಿ ಆ ಸಾವಿರ ವಿಮರ್ಶೆಗಳೂ ಇವೆ. ನನಗೊಂದು ಪ್ರತಿಯನ್ನು ಮುಂಚಿತವಾಗಿಯೇ ಮನೆಗೆ ಕಳಿಸಿದ್ದರು. ಅದರ ಇನ್ನೂರ ಹನ್ನೆರಡನೇ ಪುಟದ ಬಗ್ಗೆ ಮಾತಾಡಲೆಂದೇ ನಾನು ಇಲ್ಲಿಗೆ ಬಂದೆ. ಹೊಗಳುವ ನೆಪ ಹೇಳಿ ಒಪ್ಪಿಕೊಂಡೆ, ಅಧ್ಯಕ್ಷರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಆ ಪುಟದಲ್ಲಿರುವುದು ಆರು ವರ್ಷ ಹಿಂದಿನ ಪಂದ್ಯ. ‘ಮಿಂಚು’ ಮತ್ತು ‘ಗೂಳಿ’. ಹಳಬರಿಗೆ ನೆನಪಿರುತ್ತದೆ. ಮಿಂಚು ಎಂದು ನೀವು ಕೂಗುತ್ತಿದ್ದವನು ನನ್ನ ತಂಗಿಯ ಗಂಡ. ಮಾಜಿ ತಾರೆ ಎಂದು ಅವನನ್ನೂ ಇಂದು ಆಹ್ವಾನಿಸಿದ್ದೀರಿ, ಸಂತೋಷ. ವೇದಿಕೆಗೆ ಐದು ಮೆಟ್ಟಿಲು ಕಟ್ಟಿಸಿ, ಗಾಲಿಕುರ್ಚಿಯವನನ್ನು ವೇದಿಕೆಗೆ ಆಹ್ವಾನಿಸಿದ್ದೀರಿ. ಅದಕ್ಕೇ ಅವನು ಕೆಳಗೆ, ಧ್ವನಿವರ್ಧಕದ ಪಕ್ಕ ಇದ್ದಾನೆ. ಬಲಗೈ ಅಷ್ಟಿಷ್ಟು ಆಡುತ್ತದೆ, ಕುತ್ತಿಗೆಯ ಕೆಳಗೆ ಉಳಿದದ್ದು ಯಾವುದೂ ಆಡುವುದಿಲ್ಲ. ಪಕ್ಕದಲ್ಲಿರುವವಳು ನನ್ನ ತಂಗಿ. ಈ ಅಂಗಿಗೆ ಇಸ್ತ್ರಿ ಹಾಕಿಕೊಟ್ಟವಳು ಅವಳೇ. ಹಾಕಿಕೊಡುತ್ತ, ‘ಅಣ್ಣಾ, ಇವತ್ತು ಆ ಮನುಷ್ಯನ್ನ ಸುಮ್ನೆ ಬಿಡಬೇಡ’ ಅಂದಳು.

ಪುಟಕ್ಕೆ ಹೋಗುವ ಮೊದಲು ನಮ್ಮ ವೃತ್ತಿಯ ಒಂದು ವಿಷಯ ಹೇಳಬೇಕು. ರಿಂಗಿನಲ್ಲಿ ಎಲ್ಲವೂ ನಾಟಕ, ಒಂದನ್ನು ಬಿಟ್ಟು. ಯಾರಿಗಾದರೂ ನಿಜವಾಗಿ ಪೆಟ್ಟಾದರೆ ರೆಫ್ರಿ ಎರಡೂ ಕೈ ತಲೆಯ ಮೇಲೆತ್ತಿ ಅಡ್ಡಡ್ಡ ಇಡಬೇಕು. ಅದನ್ನು ಕಂಡೊಡನೆ ಎದುರಾಳಿ ನಿಲ್ಲಬೇಕು, ಡಾಕ್ಟರು ಓಡಿ ಬರಬೇಕು. ನನಗೆ ಕೆಲಸ ಕಲಿಸಿದ ಹಿರಿಯ ರೆಫ್ರಿ ಮೊದಲ ದಿನವೇ ಹೇಳಿದ್ದರು: ‘ನೋಡಪ್ಪ, ಮುಖದಲ್ಲಿ ಎಷ್ಟು ಬೇಕಾದ್ರೂ ಸುಳ್ಳು ಹೇಳು. ಈ ಕೈಯಲ್ಲಿ ಮಾತ್ರ ಹೇಳಬೇಡ.’

ಹದಿನೆಂಟು ವರ್ಷ ಹೇಳಲಿಲ್ಲ. ಆಮೇಲೆ ಒಂದು ದಿನ ನಮ್ಮ ಕಥೆ ಬರೆಯುವವರು, ಆಫೀಸಿನಲ್ಲಿ ಗೋಡೆ ತುಂಬ ಚೀಟಿ ಅಂಟಿಸಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದವರು, ನನ್ನನ್ನು ಕರೆದರು. ‘ಜನ ಎಲ್ಲಾನೂ ಮೊದಲೇ ಊಹಿಸ್ತಾರೆ ಸಾರ್. ನಿಮ್ಮ ಆ ಕೈ ಸನ್ನೆ ಒಂದೇ ಒಂದ್ಸಲ ಕಥೆಗೆ ಕೊಡಿ’ ಅಂದರು. ಕೊಟ್ಟೆ. ಖಳನಾಯಕ ಪೆಟ್ಟಾದವನಂತೆ ಬಿದ್ದ, ನಾನು ಕೈ ಎತ್ತಿದೆ, ಸಭಾಂಗಣ ತಣ್ಣಗಾಯಿತು, ಎಲ್ಲರೂ ಮೈಮರೆತಾಗ ಅವನು ಎದ್ದು ಬೆನ್ನ ಹಿಂದಿನಿಂದ ಹೊಡೆದ. ನೀವೆಲ್ಲ ಕುಣಿದಿರಿ.

ಸೋಮವಾರ ಪತ್ರಿಕೆಯಲ್ಲಿ ನಮ್ಮ ಸನ್ಮಾನಿತರು ನಾಲ್ಕೂಮುಕ್ಕಾಲು ನಕ್ಷತ್ರ ಕೊಟ್ಟರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ರೆಫ್ರಿಗೂ ಒಂದು ಪ್ಯಾರಾ ಇತ್ತು. ಅದು ಬಾಯಿಪಾಠವಾಗಿದೆ, ಹೇಳುತ್ತೇನೆ: ‘ಇಂದಿನ ನಿಜವಾದ ನಟ ರೆಫ್ರಿ. ಒಂದೇ ಕೊರತೆ, ಕೈಯನ್ನು ತುಸು ಬೇಗ ಎತ್ತಿಬಿಟ್ಟರು. ಕ್ಷಣಕಾಲ ತಡೆದು, ಮುಖವನ್ನು ಕ್ಯಾಮೆರಾಕ್ಕೆ ಕೊಟ್ಟು, ನಿಧಾನವಾಗಿ ಎತ್ತಿದ್ದರೆ ಉಳಿದ ಕಾಲು ನಕ್ಷತ್ರವೂ ಬರುತ್ತಿತ್ತು.’

ಬಾಯಿಪಾಠ ಹೇಗಾಯಿತು ಎಂದು ಕೇಳುತ್ತೀರಾ? ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ನಮ್ಮ ಮನೆಯವಳು ಒಂದು ದಿನ ನಾನು ಬೀರುವಿನ ಕನ್ನಡಿಯ ಮುಂದೆ ಕೈ ಎತ್ತಿ ಇಳಿಸುವುದನ್ನು ಕಂಡು, ‘ಏನ್ರೀ, ಮೇಲಿನ ಡಬ್ಬ ಬೇಕಾ? ಸ್ಟೂಲ್ ತರ್ಲಾ?’ ಎಂದು ಕೇಳಿದಳು. ನಗುವ ಮಾತೇ, ನಕ್ಕುಬಿಡಿ. ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ.

ಇರಲಿ. ಮಿಂಚು ಮತ್ತು ಗೂಳಿಯ ಪಂದ್ಯ ನಡೆದದ್ದು ಅದಾದ ಮೂರು ವಾರಕ್ಕೆ. ಗೂಳಿಯ ಎಸೆತದಲ್ಲಿ ಮಿಂಚಿನ ಕುತ್ತಿಗೆ ಹೋಯಿತು. ನಾನು ಕೈ ಎತ್ತಿದೆ. ಡಾಕ್ಟರು ಬರಲಿಲ್ಲ, ಇದೂ ಕಥೆಯೇ ಎಂದುಕೊಂಡು ಗಂಟೆಯ ಪಕ್ಕದಲ್ಲೇ ಕೂತಿದ್ದರು. ನೀವು ಎದ್ದು ನಿಂತು ಶಿಳ್ಳೆ ಹೊಡೆದಿರಿ. ಮಿಂಚು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ನಿಮ್ಮಲ್ಲೊಬ್ಬರು ಅವರ ಗೇಟಿನ ಬಳಿ ಅರ್ಧ ಗಂಟೆ ನಿಂತಿದ್ದರು, ಯಾರೂ ನೋಡದಾಗ ಎದ್ದು ಓಡಾಡುತ್ತಾನೋ ಎಂದು ನೋಡಲು. ಅಭಿಮಾನ ಅಂದರೆ ಇದು.

ಈಗ ನಮ್ಮ ಸನ್ಮಾನಿತರು ಬರೆದದ್ದು. ಓದುತ್ತೇನೆ. ‘ಅರ್ಧ ನಕ್ಷತ್ರ. ಹಳಸಿದ ತಂತ್ರ. ಮೂರೇ ವಾರದಲ್ಲಿ ಅದೇ ಕೈ ಸನ್ನೆ, ಪ್ರೇಕ್ಷಕರನ್ನು ಇಷ್ಟು ದಡ್ಡರೆಂದು ಭಾವಿಸಿದ್ದೀರಾ? ಮಿಂಚು ಬಿದ್ದ ರೀತಿಯೂ ನಂಬುವಂತಿರಲಿಲ್ಲ.’ ಕೇಳಿದಿರಾ? ನಂಬುವಂತಿರಲಿಲ್ಲ. ಮೂರು ದಿನ ಕಳೆದು ಆಸ್ಪತ್ರೆಯ ಸುದ್ದಿ ಬಂದ ಮೇಲೆ ಒಂದು ಷರಾ ಸೇರಿಸಿದರು, ಅದೂ ಪುಟದ ಕೆಳಗಡೆ ಇದೆ: ‘ಗಾಯ ನಿಜವೆಂದು ತಿಳಿದುಬಂದಿದೆ. ಅಂಕದಲ್ಲಿ ಬದಲಾವಣೆ ಇಲ್ಲ.’ ತಕ್ಕಡಿಯ ಇನ್‌ಸ್ಪೆಕ್ಟರಲ್ಲವೇ, ಮುಳ್ಳು ಒಮ್ಮೆ ನಿಂತರೆ ನಿಂತಂತೆ.

ಈ ಪುಟವನ್ನು ಪುಸ್ತಕದಿಂದ ತೆಗೆದುಹಾಕಿ, ನನ್ನ ತಂಗಿಯ ಮನೆಗೆ ಬಂದು ಕ್ಷಮೆ ಕೇಳಿ ಎಂದು ನಿಮ್ಮೆಲ್ಲರ ಎದುರು ಒತ್ತಾಯಿಸಿ ಕೂರಬೇಕು, ಅದು ನನ್ನ ಯೋಜನೆ. ವಿಮರ್ಶೆಯಲ್ಲಿ ಎಲ್ಲಿಯವರೆಗೆ ಓದಿ ನಿಲ್ಲಿಸಬೇಕೆಂದು ಮನೆಯಲ್ಲೇ ಪೆನ್ಸಿಲ್ಲಿನಿಂದ ಗೀಟು ಎಳೆದುಕೊಂಡು ಬಂದಿದ್ದೆ. ಗೀಟಿನ ಕೆಳಗೆ ಇನ್ನೊಂದು ವಾಕ್ಯವಿದೆ. ತಂಗಿ ಅದನ್ನು ಓದಿಲ್ಲ. ಅರ್ಧ ನಕ್ಷತ್ರ ಎಂಬ ತಲೆಬರಹ ನೋಡಿಯೇ ಅವಳು ಪತ್ರಿಕೆ ಹರಿದುಹಾಕಿದಳು, ನಾನೂ ಒಳ್ಳೆಯದೇ ಆಯಿತೆಂದುಕೊಂಡೆ.

ಕೆಳಗಿನಿಂದ ಅವಳು ನನ್ನನ್ನೇ ನೋಡುತ್ತಿದ್ದಾಳೆ. ಓದುತ್ತೇನೆ. ‘ರೆಫ್ರಿ ಕ್ಯಾಮೆರಾ ಹುಡುಕುತ್ತ ನಿಂತುಬಿಟ್ಟರು, ಅವರ ಕೈ ಮೇಲೇರುವಷ್ಟರಲ್ಲಿ ಗೂಳಿ ಎರಡನೇ ಸಲ ಎತ್ತಿ ಎಸೆದಾಗಿತ್ತು.’

ಸ್ವಲ್ಪ ನೀರು ಕೊಡಿ.

ಸಭಿಕರೇ, ಮೊದಲ ಎಸೆತದಲ್ಲೇ ಮಿಂಚು ತಪ್ಪಿ ಬಿದ್ದಿದ್ದ. ನಾನು ಮೊಣಕಾಲೂರಿ ಬಗ್ಗಿದೆ. ‘ಭಾವ, ಕಾಲು ಗೊತ್ತಾಗ್ತಿಲ್ಲ’ ಅಂದ. ನಮ್ಮಿಬ್ಬರ ನಡುವೆ ಒಂದು ಕಟ್ಟುನಿಟ್ಟಿತ್ತು, ರಿಂಗಿನೊಳಗೆ ಸಂಬಂಧ ಇಲ್ಲ. ಹನ್ನೊಂದು ವರ್ಷ ಅವನು ಅಲ್ಲಿ ನನ್ನನ್ನು ರೆಫ್ರಿ ಎಂದೇ ಕರೆದಿದ್ದ. ಭಾವ ಅಂದದ್ದು ಅದೊಂದೇ ಸಲ. ಆದ್ದರಿಂದ ನನಗೆ ಅನುಮಾನವಿತ್ತು, ಗೊಂದಲವಾಯಿತು ಎಂದೆಲ್ಲ ನಾನು ಹೇಳುವ ಹಾಗಿಲ್ಲ. ನನಗೆ ಗೊತ್ತಿತ್ತು.

ಗೊತ್ತಿದ್ದೂ ಎದ್ದು ನಿಂತೆ. ಕ್ಷಣಕಾಲ ತಡೆದೆ. ಕ್ಯಾಮೆರಾ ಎಲ್ಲಿದೆ ನೋಡಿದೆ, ಮುಖ ತಿರುಗಿಸಿದೆ, ನಿಧಾನವಾಗಿ ಕೈ ಎತ್ತತೊಡಗಿದೆ. ಬೇಕೆಂದು ಮಾಡಿದೆನೇ? ಇಲ್ಲ. ಕನ್ನಡಿಯ ಮುಂದೆ ಹೇಗೆ ಮಾಡಿದ್ದೆನೋ ಹಾಗೇ ಬಂದುಬಿಟ್ಟಿತು. ಗೂಳಿ ನನ್ನ ಬೆನ್ನ ಹಿಂದೆ ಇದ್ದ. ಕೈ ಮೇಲಿಲ್ಲ ಎಂದರೆ ಆಟ ನಡೆಯುತ್ತಿದೆ ಎಂದೇ ನಮ್ಮಲ್ಲಿ ಅರ್ಥ. ಹೇಳಿಕೊಟ್ಟಂತೆ ಅವನು ಎತ್ತಿದ, ಎಸೆದ. ಟೀವಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ, ಅಲ್ಲಿ ತುಂಬ ಇರುವುದು ನನ್ನ ಮುಖ. ಚೆನ್ನಾಗಿಯೇ ಬಂದಿದೆ.

ಆರು ವರ್ಷದಿಂದ ನನ್ನ ತಂಗಿ ಕಿಟಕಿಯಿಂದಲೇ ಗೂಳಿಯನ್ನು ಕೇಳುವುದು ಒಂದೇ ಮಾತು: ‘ನಮ್ಮಣ್ಣ ಕೈ ಎತ್ತಿದ್ದು ನಿಂಗೆ ಕಾಣಲಿಲ್ವಾ?’ ಅವನು ತಲೆ ತಗ್ಗಿಸಿ, ‘ಕಾಣಲಿಲ್ಲ ಅಕ್ಕ’ ಅನ್ನುತ್ತಾನೆ. ತನ್ನ ಕಣ್ಣೇ ತಪ್ಪಿತೆಂದು ಅವನೂ ನಂಬಿದ್ದಾನೆ. ರಿಂಗು ಬಿಟ್ಟ, ಈಗ ಪೀಠೋಪಕರಣದ ಗೋದಾಮಿನಲ್ಲಿ ಬೀರು ಹೊರುತ್ತಾನೆ. ಪ್ರತಿ ಭಾನುವಾರ ಅವರ ಗೇಟಿನ ಬಳಿ ಬಂದು ನಿಲ್ಲುತ್ತಾನೆ, ಅವಳು ಬಾಗಿಲು ತೆರೆಯುವುದಿಲ್ಲ. ಒಳಗೆ ಅವಳು ಕೊಟ್ಟ ಕಾಫಿ ಕುಡಿಯುತ್ತ ಕೂತಿರುವವನು ನಾನು. ಮಿಂಚು ಏನೂ ನೆನಪಿಲ್ಲ ಎನ್ನುತ್ತಾನೆ. ಹಾಗನ್ನುವಾಗ ಅವನು ನನ್ನ ಮುಖ ನೋಡುವುದಿಲ್ಲ.

ಮಾನ್ಯ ಸನ್ಮಾನಿತರೇ, ನಿಮ್ಮನ್ನು ನಾಲ್ಕು ಮಾತು ಕೇಳಲೆಂದು ಬಂದವನು ನಾನು. ಬಿದ್ದ ಮನುಷ್ಯನ ನೋವು ನಿಮಗೆ ಕಾಣಲಿಲ್ಲ, ಅದನ್ನು ನಾನು ಈಗಲೂ ಮನ್ನಿಸಲಾರೆ. ಆದರೆ ಮೂರು ಸಾವಿರ ಜನರಲ್ಲಿ ನನ್ನ ತಡ ಕಂಡದ್ದು ನಿಮಗೊಬ್ಬರಿಗೇ. ಆ ಪುಟ ಇರಲಿ. ಅದರಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ.

ತಂಗೀ, ಈ ಭಾನುವಾರ ಗೂಳಿ ಬಂದರೆ ಒಳಗೆ ಕರಿ. ಅವನಿಗೆ ಕಾಣಲು ಅಲ್ಲಿ ಏನೂ ಇರಲಿಲ್ಲ ಎಂದು ಹೇಳು. ನಾನು ಹೇಳಿದರೆ ಅವನು ನಂಬಲಿಕ್ಕಿಲ್ಲ, ನೀನೇ ಹೇಳಬೇಕು. ನಾನು ಆ ದಿನ ಬರುವುದಿಲ್ಲ. ಮತ್ತೆ ಯಾವತ್ತಾದರೂ ಬರಬೇಕೋ ಬೇಡವೋ ನೀವಿಬ್ಬರೂ ಯೋಚಿಸಿ ಹೇಳಿ, ನಾನು ಕೇಳುತ್ತೇನೆ.

ಐದು ನಿಮಿಷ ಕೊಟ್ಟಿದ್ದ ಅಧ್ಯಕ್ಷರಿಗೆ, ನಡುವೆ ಚೀಟಿ ಕಳಿಸದೆ ಬಿಟ್ಟ ಕಾರ್ಯದರ್ಶಿಗಳಿಗೆ, ಕೇಳಿಸಿಕೊಂಡ ನಿಮಗೆಲ್ಲ ನನ್ನ ಕೃತಜ್ಞತೆ. ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೀರಿ. ದಯವಿಟ್ಟು ಕುಳಿತುಕೊಳ್ಳಿ. ಇದು ಯಾರೂ ಬರೆದುಕೊಟ್ಟದ್ದಲ್ಲ. ನಮಸ್ಕಾರ.