ಬ್ರೂನೆಲ್ ತೆಗೆದುಕೊಂಡ ಉಸಿರು

1958ರ ಮಾರ್ಚ್. ಫಿಲಡೆಲ್ಫಿಯಾದ ಒಂದು ವಾದ್ಯವೃಂದದಲ್ಲಿ ಖಾಲಿಯಿದ್ದ ಓಬೋ ಎಂಬ ಊದುವ ವಾದ್ಯದ ವಾದಕರ ಸ್ಥಾನಕ್ಕೆ ಆಯ್ಕೆ ನಡೆಯುತ್ತಿತ್ತು. ಪಿಯಾನೋ ಶ್ರುತಿ ಮಾಡುವ ಎಲ್‌ವುಡ್, ಸಭಾಂಗಣ ತೆರವಾಗಲೆಂದು ಹೊರಗಿನ ಬೆಂಚಿನಲ್ಲಿ ಕುಳಿತಿದ್ದ. ಕಿವಿ ಮುಚ್ಚಿಕೊಳ್ಳುವ ಕಸುಬು ಅವನದಲ್ಲ. ಪಕ್ಕದಲ್ಲಿ ವಯಸ್ಸಾದ ಮೇಸ್ಟ್ರೊಬ್ಬರು ಶಿಷ್ಯೆಗೆ ಕೊನೆಯ ಮಾತು ಹೇಳುತ್ತಿದ್ದರು.

“ಏಳನೇ ಸ್ವರ ಆದಮೇಲೆ ಉಸಿರು ತಗೋ ಲೂಸಿಲ್, ಮರೀಬೇಡ.”

“ಇಡೀ ಸಾಲು ಒಂದೇ ಉಸಿರಲ್ಲಿ ಬರುತ್ತೆ ಸಾರ್ ನಂಗೆ.”

“ಬರಲಿ, ತೋರಿಸ್ಬೇಡ. ಒಳಗೆ ಆಯ್ಕೆ ಮಾಡೋಕೆ ಕೂತಿರೋ ಮೂರೂ ಜನ ಬ್ರೂನೆಲ್ ಶಿಷ್ಯರು. ಬ್ರೂನೆಲ್ ತಮ್ಮ ರೆಕಾರ್ಡಲ್ಲಿ ಉಸಿರು ತಗೊಂಡಿದ್ದು ಅಲ್ಲೇ.”

“ಅಲ್ಲೇ ಯಾಕೆ?”

“ರೆಕಾರ್ಡಿಂಗ್ ದಿನ ನೆಗಡಿ ಆಗಿತ್ತು, ಪಾಪ.”

“ಅದನ್ನ ಊರೆಲ್ಲ ಮೂವತ್ತು ವರ್ಷದಿಂದ ನುಡಿಸ್ತಿದೆಯಾ?”

“ನಗಬೇಡ ಕಣಮ್ಮ. ಈ ಊರಿನ ಶೈಲಿ ಅಂದ್ರೆ ಅದೇ.”

“ಬ್ರೂನೆಲ್ ಏನೂ ಅನ್ನಲಿಲ್ವಾ?”

“ಅಲ್ಲಿ ಸಾಲು ಕಡೀಬೇಡ್ರೋ ಕತ್ತೆಗಳಾ ಅಂತ ಸಾಯೋವರೆಗೂ ಬೈದ್ರು. ನಾವು ಶಿಷ್ಯರೆಲ್ಲ ಅದು ಅವರ ವಿನಯ ಅಂದ್ಕೊಂಡ್ವಿ.”

ಬಾಗಿಲು ತೆರೆದು ಯಾರೋ ಅವಳ ಹೆಸರು ಕರೆದರು. ಲೂಸಿಲ್ ಓಬೋ ಎತ್ತಿಕೊಂಡು ಎದ್ದಳು.

“ಸಾರ್, ಈಗ ಅವರ ಮಾತು ಕೇಳ್ಲಾ, ಅವರ ನೆಗಡೀನ ಕೇಳ್ಲಾ?”

“ನೆಗಡಿ. ಮಾತು, ಕೆಲಸ ಸಿಕ್ಕಮೇಲೆ ಕೇಳು.”