ಒಳಗಿನ ಯಂತ್ರ ನಿಲ್ಲಲಿಲ್ಲ

ಬೆಳಿಗ್ಗೆಯೇ ಗಂಡನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದ ಮೇಲೆ ಅವಳು ಬಾಗಿಲೆದುರಿನ ಬೆಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ದಳು. ಪಕ್ಕದಲ್ಲೇ, ಆಗತಾನೇ ಒಳಗಿನಿಂದ ಬಂದ ಹಿರಿಯ ನರ್ಸ್ ಮತ್ತು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ತರುಣಿ ಲಿಫ್ಟಿಗೆ ಕಾಯುತ್ತ ಮಾತಾಡುತ್ತಿದ್ದರು.

"ಬೆಳಿಗ್ಗೆ ಬಿಲ್ಲಿಂಗ್‌ನಲ್ಲಿ ಯಾರೋ ವೈರಸ್ ಇರೋ ಪೆನ್‌ಡ್ರೈವ್ ಹಾಕಿದ್ರಂತೆ?"

"ಹೌದು ಸಿಸ್ಟರ್. ಅಲ್ಲಿರೋ ವಿಂಡೋಸ್ ಕಂಪ್ಯೂಟರುಗಳು ತಕ್ಷಣ ತಾವೇ ಲಾಕ್ ಆಗಿ ಆಫ್ ಆದ್ವು. ನಾನು ಹಾಕಿದ್ದ ನಿಯಮವೇ ಅದು."

"ಮತ್ತೆ ಆಪರೇಷನ್ ಥಿಯೇಟರಿನ ಕಂಪ್ಯೂಟರು?"

"ಅದು ವಿಂಡೋಸ್ ಅಲ್ಲ, ಲಿನಕ್ಸ್ ಅನ್ನೋ ಬೇರೆ ವ್ಯವಸ್ಥೆ. ಅದಕ್ಕೆ ಬೇರೆ ನಿಯಮ ಬರ್ದಿದ್ದೆ. ಹೊರಗಿನ ಸಂಪರ್ಕ ಕಡ್ಕೋ, ಆದ್ರೆ ರೋಗಿ ಮೇಜಿನ ಮೇಲಿರೋವಾಗ ಮಾತ್ರ ನಿಲ್ಬೇಡ ಅಂತ."

"ಎಲ್ಲಕ್ಕೂ ಒಂದೇ ನಿಯಮ ಸಾಕು ಅಂದಿದ್ರಲ್ಲ ನಿಮ್ಮ ಸಾಹೇಬ್ರು?"

"ಎಲ್ಲ ಕಾಯಿಲೆಗೂ ಒಂದೇ ಮದ್ದು ಕೊಡ್ತಾರಾ ಸಾರ್ ಅಂದೆ. ನಕ್ಕು ಒಪ್ಕೊಂಡ್ರು."

"ಭೇಷ್ ಕಣಮ್ಮ! ಒಳಗಡೆ ಮಾನಿಟರ್ ಒಂದು ಕ್ಷಣನೂ ಕಣ್ಣು ಮುಚ್ಲಿಲ್ಲ. ಹೊಲಿಗೆ ಹಾಕ್ತಿದಾರೆ ಈಗ. ಪಾಪ, ಆ ಮನುಷ್ಯನಿಗೆ ಇದ್ಯಾವುದೂ ಗೊತ್ತೇ ಇಲ್ಲ."

"ಗೊತ್ತಾಗೋದೇ ಬೇಡ ಬಿಡಿ. ಹುಷಾರಾಗಿ ಮನೆಗೆ ಹೋದ್ರೆ ಸಾಕು."

ಲಿಫ್ಟ್ ಬಂತು, ಇಬ್ಬರೂ ಒಳಹೊಕ್ಕರು. ಆ ತರುಣಿಯ ಕೈ ಹಿಡಿದು ಒಂದು ಮಾತು ಹೇಳಬೇಕೆಂದು ಹೆಂಡತಿ ದಡಬಡನೆ ಎದ್ದಳು. ಅಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತ್ತು.